ಅಳೆದು ಮಾರಲಾಗದ ಕಲ್ಲು: ವಿಜಯನಗರದ ವಜ್ರಗಳೂ ಅವುಗಳ ವರ್ಣವೂ

ಹಂಪಿಯ ಬೀದಿಗಳಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರೆಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ವಿಜಯನಗರದ ವೈಭವವನ್ನು ಹೇಳಬೇಕಾದಾಗಲೆಲ್ಲ ಶಾಲೆಯ ಪಾಠದಿಂದ ಸಭೆಯ ಭಾಷಣದವರೆಗೆ ಈ ಒಂದು ವಾಕ್ಯ ತಾನಾಗಿಯೇ ಬಂದು ಕುಳಿತುಕೊಳ್ಳುತ್ತದೆ. ಅಭಿಮಾನದ ಮಾತಾಗಿ ಅದು ಸಲ್ಲುತ್ತದೆ. ಆದರೆ ಇತಿಹಾಸದ ವಿದ್ಯಾರ್ಥಿ ಅಲ್ಲಿ ಒಂದು ಕ್ಷಣ ನಿಂತು ಕೇಳಬೇಕು: ಸೇರಿನಲ್ಲಿ ಅಳೆಯುವುದು ಯಾವುದನ್ನು? ಒಂದು ಕಾಳು ಇನ್ನೊಂದು ಕಾಳಿಗೆ ಸಮಾನವೆಂದು ಒಪ್ಪಿಕೊಂಡ ವಸ್ತುವನ್ನು. ಜೋಳ, ರಾಗಿ, ನವಣೆಗಳಿಗೆ ಈ ಒಪ್ಪಂದ ನಡೆಯುತ್ತದೆ. ಸಣ್ಣ ಮುತ್ತುಗಳಿಗೂ ನಡೆದೀತು. ವಜ್ರಕ್ಕೆ ನಡೆಯುವುದಿಲ್ಲ. ಒಂದೇ ತೂಕದ, ಒಂದೇ ಆಕಾರದ ಎರಡು ವಜ್ರಗಳಲ್ಲಿ ಒಂದು ಅರಸನ ಭಂಡಾರಕ್ಕೂ ಇನ್ನೊಂದು ಕಲ್ಲು ಕೊರೆಯುವವನ ಉಳಿಯ ತುದಿಗೂ ಹೋಗುವುದುಂಟು. ಅವೆರಡರ ನಡುವಣ ಅಂತರಕ್ಕೆ ಬಹುಮಟ್ಟಿಗೆ ಕಾರಣವಾದದ್ದು ವರ್ಣ.

ವಿದೇಶೀ ಯಾತ್ರಿಕರ ಬರಹಗಳೂ ಅಳೆಯುವ ಮಾತನ್ನು ಸಮರ್ಥಿಸುವುದಿಲ್ಲ. ಕ್ರಿ.ಶ. 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ ಅಬ್ದುಲ್ ರಜಾಕನು ರತ್ನಪಡಿ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಜಾರಿನಲ್ಲಿ ಬಹಿರಂಗವಾಗಿಯೇ ಮಾರುತ್ತಿದ್ದರೆಂದು ಬರೆದಿದ್ದಾನೆ. ಅವನನ್ನು ಬೆರಗುಗೊಳಿಸಿದ್ದು ಈ ನಿರ್ಭೀತಿ, ರಾಶಿಯಲ್ಲ. ಸುಮಾರು 1520ರ ವೇಳೆಗೆ ಕೃಷ್ಣದೇವರಾಯನ ನಗರವನ್ನು ಕಂಡ ಡೊಮಿಂಗೊ ಪಾಯೆಸನು ವರ್ತಕರ ಮನೆಗಳಿರುವ ಬೀದಿಯೊಂದನ್ನು ವರ್ಣಿಸುತ್ತ ಅಲ್ಲಿ ಎಲ್ಲ ಬಗೆಯ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳು ದೊರೆಯುತ್ತಿದ್ದವೆನ್ನುತ್ತಾನೆ. 'ಎಲ್ಲ ಬಗೆಯ' ಎಂಬ ಮಾತಿನಲ್ಲಿಯೇ ವಿಂಗಡಣೆಯ ಸೂಚನೆ ಇದೆ. ನಗರದ ಅಂಗಡಿಬೀದಿಗಳು ಸರಕಿಗೆ ತಕ್ಕಂತೆ ಬೇರ್ಪಟ್ಟಿದ್ದವೆಂಬುದಕ್ಕೆ ಶಾಸನಾಧಾರವೂ ಉಂಟು: 1426ರಲ್ಲಿ ಇಮ್ಮಡಿ ದೇವರಾಯನು ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯದ ಶಾಸನವು ಆ ಬಸದಿ ಇದ್ದ ಬೀದಿಯನ್ನು ಎಲೆಯಡಕೆಯ ಅಂಗಡಿಗಳ ಬೀದಿಯೆಂದೇ ಗುರುತಿಸುತ್ತದೆ. ಎಲೆಯಡಕೆಗೇ ಒಂದು ಬೀದಿ ಇದ್ದ ಊರಿನಲ್ಲಿ ವಜ್ರವನ್ನು ಜೋಳದಂತೆ ಸುರಿದುಕೊಂಡು ಕೂತಿದ್ದರೆಂದು ನಂಬುವುದು ಕಷ್ಟ.

ಆ ವಜ್ರಗಳು ಬರುತ್ತಿದ್ದ ನೆಲ ಹಂಪಿಗೆ ದೂರದ್ದಲ್ಲ. ಬಳ್ಳಾರಿಗೆ ಪೂರ್ವದಲ್ಲಿ, ಗುಂತಕಲ್ಲು ಮತ್ತು ಉರವಕೊಂಡಗಳ ನಡುವೆ ವಜ್ರಕರೂರು ಎಂಬ ಊರಿದೆ. ಹೆಸರೇ ಅದರ ವೃತ್ತಾಂತವನ್ನು ಹೇಳುತ್ತದೆ. ಇಂದು ಅದು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿದ್ದರೂ 1882ರಲ್ಲಿ ಆ ಜಿಲ್ಲೆ ಪ್ರತ್ಯೇಕವಾಗುವವರೆಗೆ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ಸಂಡೂರು ಆಗ ಬಳ್ಳಾರಿ ಜಿಲ್ಲೆಯಿಂದ ಸುತ್ತುವರಿದ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಹೀಗೆ ಕಬ್ಬಿಣದ ಬೆಟ್ಟಗಳ ಸಂಡೂರು, ರಾಜಧಾನಿಯಾಗಿ ಮೆರೆದು ಹಾಳಾದ ಹಂಪಿ, ವಜ್ರದ ನೆಲವಾದ ವಜ್ರಕರೂರು ಒಂದೇ ಸೀಮೆಯ ಮೂರು ಮುಖಗಳಾಗಿದ್ದವು. ರಾಜ್ಯಗಳ ಗಡಿಗೆರೆ ಬಂದ ಮೇಲೆ ನಮ್ಮ ಬರಹಗಾರರು ಮೂರನೆಯದನ್ನು ಮರೆತುಬಿಟ್ಟಿದ್ದಾರೆ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಜನರು ಆ ಹೊಲಗಳಲ್ಲಿ ಬಗ್ಗಿಕೊಂಡು ಕಲ್ಲು ಹುಡುಕುವ ವಾಡಿಕೆ ಮಾತ್ರ ಇಂದಿಗೂ ತಪ್ಪಿಲ್ಲ. ಮಳೆ ಮಣ್ಣನ್ನು ತೊಳೆದಾಗ ಹೊಳೆಯುವುದನ್ನು ಅವರು ಹೆಕ್ಕುತ್ತಾರೆ. ಅವರ ಮೊದಲ ಪರೀಕ್ಷೆಯೂ ಕಣ್ಣಿಗೆ ಕಾಣುವ ಬಣ್ಣ ಮತ್ತು ಹೊಳಪಿನದೇ.

ಅಚ್ಯುತದೇವರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ ಫರ್ನಾವೊ ನೂನಿಜನು ಗಣಿಗಳ ವ್ಯವಸ್ಥೆಯ ಬಗ್ಗೆ ಅಮೂಲ್ಯವಾದೊಂದು ವಿವರವನ್ನು ದಾಖಲಿಸಿದ್ದಾನೆ. ವಜ್ರಗಳು ದೊರೆಯುವ ಸೀಮೆಯ ಒಡೆಯನಾದ ಅಡಪ ನಾಯಕನು ಅರಸನಿಗೆ ವರ್ಷಕ್ಕೆ 40,000 ಪರ್ದಾವುಗಳನ್ನು ಸಲ್ಲಿಸಬೇಕು. ಜೊತೆಗೆ 20 ಮಂಗೆಲಿನ್ ತೂಕಕ್ಕೆ ಮೀರಿದ ಪ್ರತಿಯೊಂದು ವಜ್ರವನ್ನೂ ಅರಸನ ಭಂಡಾರಕ್ಕೆ ಒಪ್ಪಿಸಬೇಕು. ಪೋರ್ಚುಗೀಸರು ಮಂಗೆಲಿನ್ ಎಂದದ್ದು ನಮ್ಮ ಮಂಜಾಡಿ, ಅಂದರೆ ಗುಲಗಂಜಿಯಂತೆ ತೂಕಕ್ಕೆ ಬಳಸುತ್ತಿದ್ದ ಕೆಂಪು ಬೀಜ. ಅದರ ಪ್ರಮಾಣ ಊರಿಂದೂರಿಗೆ ಬದಲಾಗುತ್ತಿತ್ತು. ಹದಿನೇಳನೆಯ ಶತಮಾನದ ಲೆಕ್ಕದಂತೆ ಗೋಲ್ಕೊಂಡದಲ್ಲಿ ಒಂದು ಮಂಗೆಲಿನ್ 1⅜ ಕ್ಯಾರೆಟ್, ಕರ್ನಾಟಕ ಸೀಮೆಯ ಗಣಿಯೊಂದರಲ್ಲಿ 1¾ ಕ್ಯಾರೆಟ್. 1563ರಲ್ಲಿ ಗೋವೆಯಲ್ಲಿ ತನ್ನ ಗ್ರಂಥವನ್ನು ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ಟಾ ಈ ಮಿತಿಯನ್ನು 30 ಮಂಗೆಲಿನ್ ಎಂದು ಹೇಳುತ್ತಾನೆ. ಸಂಖ್ಯೆ ಬೇರೆಯಾದರೂ ನಿಯಮದ ಸ್ವರೂಪ ಒಂದೇ: ಅರಸನ ಪಾಲು ನಿರ್ಧಾರವಾಗುತ್ತಿದ್ದುದು ತೂಕದಿಂದ.

ಇದು ಸಾಮಾನ್ಯ ಸಂಗತಿಯೆಂದು ದಾಟಿಹೋಗುವಂಥದಲ್ಲ. ಗಣಿಯ ಬಾಯಲ್ಲಿ ಕಾವಲಿಗಿರುವ ಅಧಿಕಾರಿಗೆ ತಕ್ಕಡಿಯೊಂದು ಸಾಕು. ತಕ್ಕಡಿಯ ಮಾತಿಗೆ ಎದುರು ಮಾತಿಲ್ಲ. ಬಣ್ಣವಾದರೋ ವಾದಕ್ಕೆ ಎಡೆಕೊಡುವ ಗುಣ. ಆದ್ದರಿಂದ ಪ್ರಭುತ್ವ ತೂಕವನ್ನು ಹಿಡಿದುಕೊಂಡಿತು. ವರ್ಣದ ನಿರ್ಣಯವನ್ನು ಪೇಟೆಗೂ ಪಂಡಿತರಿಗೂ ಬಿಟ್ಟಿತು. ಬರೆದಿಟ್ಟದ್ದು ತೂಕ, ಬಣ್ಣ ಕಣ್ಣಿನ ಅನುಭವವಾಗಿ ಉಳಿದು ಆ ಕಣ್ಣುಗಳೊಂದಿಗೇ ಹೋಯಿತು. ವಿಜಯನಗರದ ವಜ್ರಗಳ ಇತಿಹಾಸದಲ್ಲಿ ನಾವು ಎಡವುವ ಜಾಗ ಇದೇ.

ಪಂಡಿತರು ಬಣ್ಣವನ್ನು ಹೇಗೆ ಕಂಡರು? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಶಾಧ್ಯಕ್ಷನು ತಿಳಿದಿರಬೇಕಾದ ವಜ್ರವರ್ಣಗಳ ಪಟ್ಟಿಯೊಂದಿದೆ: ಬೆಕ್ಕಿನ ಕಣ್ಣು, ಶಿರೀಷದ ಹೂವು, ಗೋಮೂತ್ರ, ಗೋಮೇದಕ, ಶುದ್ಧ ಸ್ಫಟಿಕ ಮುಂತಾದ ಹೋಲಿಕೆಗಳು. ಇಲ್ಲಿ ಎಲ್ಲವೂ ಕಣ್ಣಿಗೆ ಕಾಣುವ ವಸ್ತುಗಳು; ಭಂಡಾರದ ನೌಕರನಿಗೆ ಉಪಯೋಗಕ್ಕೆ ಬರುವ ಭಾಷೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಗೆ ಬಂದರೆ ಭಾಷೆ ಬದಲಾಗುತ್ತದೆ. ಅವನು ಮೊದಲು ಬಣ್ಣವನ್ನು ಆಕರಗಳೊಡನೆ ಹೊಂದಿಸುತ್ತಾನೆ: ಕಳಿಂಗದ್ದು ಹಳದಿ, ಸೌರಾಷ್ಟ್ರದ್ದು ತಾಮ್ರವರ್ಣ, ಶೂರ್ಪಾರಕದ್ದು ಕಪ್ಪು, ಕೋಸಲದ್ದು ಶಿರೀಷಪುಷ್ಪದಂತೆ. ಆಮೇಲೆ ದೇವತೆಗಳೊಡನೆ, ಕೊನೆಗೆ ಜನವರ್ಗಗಳೊಡನೆ ಹೊಂದಿಸುತ್ತಾನೆ. ಬಿಳಿಯದು ಬ್ರಾಹ್ಮಣರಿಗೆ, ಕೆಂಪು ಮತ್ತು ಹಳದಿ ಕ್ಷತ್ರಿಯರಿಗೆ, ಶಿರೀಷವರ್ಣದ್ದು ವೈಶ್ಯರಿಗೆ, ಕತ್ತಿಯ ಅಲಗಿನಂತೆ ಕಪ್ಪಾದದ್ದು ಶೂದ್ರರಿಗೆ. ವರ್ಣ ಎಂಬ ಒಂದೇ ಶಬ್ದ ಬಣ್ಣವನ್ನೂ ಕುಲವನ್ನೂ ಹೇಳುವ ಭಾಷೆಯಲ್ಲಿ ಈ ಜಾರುವಿಕೆಗೆ ಹೆಚ್ಚು ಶ್ರಮ ಬೇಕಾಗಿರಲಿಲ್ಲ. ಬುದ್ಧಭಟ್ಟನ ರತ್ನಪರೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾಸವಾಳ ಅಥವಾ ಹವಳದಂಥ ಕೆಂಪು, ಅರಿಸಿನದ ರಸದಂಥ ಹಳದಿ ಈ ಎರಡು ಬಣ್ಣಗಳ ವಜ್ರಗಳು ದೊರೆಗಳಿಗೆ ಮಾತ್ರ ಮೀಸಲು, ಸರ್ವಜನರಿಗಲ್ಲ ಎನ್ನುತ್ತದೆ.

ಈ ಜಾತಿಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರಾಚೀನ ವಜ್ರವ್ಯಾಪಾರವನ್ನು ವಿವರಿಸುವ ಲೇಖನಗಳು ಹೇರಳವಾಗಿವೆ. ಅವುಗಳನ್ನು ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಶಾಸ್ತ್ರದ ವರ್ಗೀಕರಣ ಪೇಟೆಯ ವರ್ಗೀಕರಣವಾಗಿತ್ತೆಂದು ಹೇಳಬೇಕಾದರೆ ಬೆಲೆಯ ಪಟ್ಟಿಗಳಲ್ಲಿ ಅದರ ಗುರುತು ಕಾಣಿಸಬೇಕು. ವರಾಹಮಿಹಿರನೇ ಬೆಲೆಯನ್ನು ಹೇಳುವಾಗ ಅಕ್ಕಿಕಾಳಿನ ತೂಕವನ್ನು ಹಿಡಿದು 20 ಕಾಳಿನ ವಜ್ರಕ್ಕೆ ಎರಡು ಲಕ್ಷ ಎಂದು ಆರಂಭಿಸಿ ಇಳಿಸುತ್ತ ಬರುತ್ತಾನೆ. ಅಲ್ಲಿ ಕೊಳ್ಳುವವನ ಕುಲದ ಪ್ರಶ್ನೆ ಇಲ್ಲ. ಠಕ್ಕುರ ಫೇರುವಿನ ಉದಾಹರಣೆ ಇನ್ನೂ ಸ್ಪಷ್ಟ. ದೆಹಲಿಯ ಅಲ್ಲಾವುದ್ದೀನ ಖಿಲ್ಜಿಯ ಆಡಳಿತದಲ್ಲಿ ಕೆಲಸಮಾಡಿದ ಈ ಜೈನ ವಿದ್ವಾಂಸನು 1315ರಲ್ಲಿ ತನ್ನ ಮಗ ಹೇಮಪಾಲನಿಗಾಗಿ 'ರಯಣಪರಿಕ್ಖಾ' ಎಂಬ ಪ್ರಾಕೃತ ಗ್ರಂಥವನ್ನು ರಚಿಸಿದನು. ಸುಲ್ತಾನನ ಭಂಡಾರದ ರತ್ನಗಳನ್ನು ತನ್ನ ಕಣ್ಣಿನಿಂದ ಕಂಡವನು ಆತ. ಮಲಿಕ್ ಕಾಫೂರನ ದಂಡಯಾತ್ರೆಗಳಲ್ಲಿ ಓರುಗಲ್ಲು, ದೋರಸಮುದ್ರ, ಮಧುರೆಗಳ ಸಂಪತ್ತು ಉತ್ತರಕ್ಕೆ ಸಾಗಿದ್ದು ಅದಕ್ಕೆ ಕೆಲವೇ ವರ್ಷಗಳ ಹಿಂದೆ. ನಮ್ಮ ಹೊಯ್ಸಳರ ಬೊಕ್ಕಸದ ಕಲ್ಲುಗಳೂ ಅವನ ಅಂಗೈಯಲ್ಲಿ ಹೊರಳಿರಬಹುದು. ಫೇರು ಹಳೆಯ ಶಾಸ್ತ್ರದ ಚೌಕಟ್ಟನ್ನು ಬಿಡುವುದಿಲ್ಲ. ಆದರೆ ಬೆಲೆಯ ಮಾತಿಗೆ ಬಂದೊಡನೆ ತನ್ನ ಕಾಲದ ಟಂಕಗಳಲ್ಲಿ, ತೂಕಕ್ಕೆ ತಕ್ಕ ಕೋಷ್ಟಕವನ್ನು ಕೊಡುತ್ತಾನೆ. ಪರಂಪರೆಗೆ ನಮಸ್ಕಾರ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ.

ಕನ್ನಡ ನಾಡಿನ ಮಟ್ಟಿಗೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕೋಶದ ಭಾಗವಾಗಿಯೇ ರತ್ನಪರೀಕ್ಷೆ ಬರುತ್ತದೆ. ಹನ್ನೆರಡನೆಯ ಶತಮಾನದ ಮೊದಲ ಭಾಗದ ಆ ಗ್ರಂಥದಲ್ಲಿ ರತ್ನವನ್ನು ಬಲ್ಲವನಾಗುವುದು ಅರಸನ ಕರ್ತವ್ಯಗಳಲ್ಲೊಂದು. ಅದಕ್ಕೂ ಮೊದಲೇ, 993ರ ಅಜಿತಪುರಾಣದಲ್ಲಿ ರನ್ನನು ರತ್ನಪರೀಕ್ಷಕನ ಎದೆಗಾರಿಕೆಯನ್ನು ಕಾವ್ಯಪರೀಕ್ಷಕನಿಗೆ ಹೋಲಿಸಿ ಸವಾಲೆಸೆದದ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಬಳೆಗಾರರ ಕುಲದಲ್ಲಿ ಹುಟ್ಟಿದ ಕವಿಗೆ ಬಣ್ಣ ನೋಡಿ ಬೆಲೆ ಕಟ್ಟುವ ಕಣ್ಣಿನ ಪರಿಚಯವಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಆ ರೂಪಕ ಅವನಿಗೆ ಪುಸ್ತಕದಿಂದ ಬಂದದ್ದಾಗಿರಲಾರದು.

ಇಲ್ಲೊಂದು ಎಚ್ಚರಿಕೆಯ ಮಾತು. ರತ್ನಶಾಸ್ತ್ರಗಳು ಹೇಳುವ ಎಂಟು ವಜ್ರಾಕರಗಳಲ್ಲಿ 'ಮಾತಂಗ' ಎಂಬುದೂ ಒಂದು. ಹಂಪಿಯಲ್ಲಿ ಮತಂಗ ಪರ್ವತವಿದೆ. ಹೆಸರಿನ ಸಾಮ್ಯವೊಂದನ್ನೇ ಹಿಡಿದು ಎರಡನ್ನೂ ಗಂಟುಹಾಕುವ ಆಸೆ ಸ್ಥಳೀಯ ಇತಿಹಾಸ ಬರೆಯುವವರಿಗೆ ಬರುವುದು ಸಹಜ. ಮಾತಂಗವೆಂದರೆ ಕೃಷ್ಣಾ-ಗೋದಾವರಿಗಳ ಕಡೆಯ ಪ್ರದೇಶವೆಂದು ಊಹಿಸಿದ ವಿದ್ವಾಂಸರಿದ್ದಾರೆ. ಮತಂಗ ಪರ್ವತವಾದರೋ ಬರಿಯ ಗ್ರಾನೈಟ್ ಬಂಡೆಗಳ ರಾಶಿ. ಅಂಥ ಕಲ್ಲಿನಲ್ಲಿ ವಜ್ರ ಹುಟ್ಟುವುದಿಲ್ಲ.

ಪೇಟೆಯ ಕಣ್ಣು ಹೇಗೆ ಕೆಲಸಮಾಡುತ್ತಿತ್ತೆಂಬುದಕ್ಕೆ ಅತ್ಯುತ್ತಮ ಸಾಕ್ಷಿ ವಿಜಯನಗರ ಅಳಿದ ಮೇಲೆ ದೊರೆಯುತ್ತದೆ. ಫ್ರೆಂಚ್ ರತ್ನವ್ಯಾಪಾರಿ ಜೀನ್ ಬ್ಯಾಪ್ಟಿಸ್ಟ್ ಟ್ಯಾವರ್ನಿಯರ್ ಹದಿನೇಳನೆಯ ಶತಮಾನದ ನಡುವಿನಲ್ಲಿ ದಖ್ಖನಿನ ಗಣಿಗಳನ್ನು ಕಂಡು 1676ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದನು. ಅವನು 'ರಾವೋಲ್ಕೊಂಡ' ಎಂದು ಕರೆಯುವ ಗಣಿ ಆಗ ವಿಜಾಪುರದ ಸುಲ್ತಾನನ ಅಧೀನದ ಕರ್ನಾಟಕ ಸೀಮೆಯಲ್ಲಿತ್ತು. ಅದನ್ನು ಇಂದಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಆ ಗಣಿ ಸುಮಾರು ಇನ್ನೂರು ವರ್ಷ ಹಳೆಯದೆಂದು ಅವನಿಗೆ ಅಲ್ಲಿಯವರು ಹೇಳಿದರು. ಆ ಲೆಕ್ಕದಂತೆ ಅದರ ಆರಂಭ ಇಮ್ಮಡಿ ದೇವರಾಯನ ಕಾಲದ ಆಸುಪಾಸಿಗೆ ಬೀಳುತ್ತದೆ. ಅಂದರೆ ಟ್ಯಾವರ್ನಿಯರ್ ಕಂಡ ಪದ್ಧತಿಗಳಲ್ಲಿ ಹಲವು ವಿಜಯನಗರದ ಕಾಲದಿಂದ ನಡೆದುಬಂದವೆಂದು ಭಾವಿಸುವುದಕ್ಕೆ ಅಡ್ಡಿಯಿಲ್ಲ.

ಅಲ್ಲಿ ಅವನು ಕಂಡದ್ದನ್ನು ನಿಧಾನವಾಗಿ ಓದಬೇಕು. ಯುರೋಪಿನಲ್ಲಿ ಒರಟು ವಜ್ರವನ್ನು ಹಗಲು ಬೆಳಕಿನಲ್ಲಿ ಪರೀಕ್ಷಿಸುತ್ತಾರೆ. ಇಲ್ಲಿಯವರು ರಾತ್ರಿಯಲ್ಲಿ ಪರೀಕ್ಷಿಸುತ್ತಾರೆ. ಗೋಡೆಯಲ್ಲಿ ಒಂದು ಅಡಿ ಚೌಕದ ಗೂಡು ಕೊರೆದು, ದಪ್ಪ ಬತ್ತಿಯ ದೀಪವಿಟ್ಟು, ಬೆರಳುಗಳ ನಡುವೆ ಹಿಡಿದ ಕಲ್ಲನ್ನು ಆ ಬೆಳಕಿಗೆ ಒಡ್ಡಿ ಅದರ 'ನೀರನ್ನೂ' ನಿರ್ಮಲತೆಯನ್ನೂ ನಿರ್ಣಯಿಸುತ್ತಾರೆ. ವಜ್ರದ ಬಣ್ಣಕ್ಕೆ ನೀರೆಂಬ ಹೆಸರು ಪಾರಸಿ ವ್ಯಾಪಾರಿಗಳ 'ಆಬ್' ಎಂಬುದರೊಡನೆ ಸಹಜವಾಗಿ ಕೂಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಆಕಾಶದ ಛಾಯೆಯ ನೀರು; ಕಲ್ಲು ಒರಟಾಗಿರುವಾಗ ಅದನ್ನು ಪತ್ತೆಹಚ್ಚುವುದು ಅಸಾಧ್ಯವೆನ್ನುವಷ್ಟು ಕಠಿಣ. ಅದಕ್ಕೆ ತಪ್ಪದ ಪರೀಕ್ಷೆಯೊಂದಿದೆ: ಕಲ್ಲನ್ನು ದಟ್ಟವಾದ ಎಲೆಗಳುಳ್ಳ ಮರದ ಕೆಳಗೆ ಒಯ್ಯಬೇಕು. ಆ ಹಸಿರು ನೆರಳಿನಲ್ಲಿ ನೀಲಿಯ ಛಾಯೆ ತಾನಾಗಿ ಕಾಣಿಸಿಕೊಳ್ಳುತ್ತದೆ.

ಗೋಡೆಯ ಗೂಡಿನ ದೀಪ ಮತ್ತು ಮರದ ನೆರಳು ಈ ಎರಡೂ ಆ ಕಾಲದ ಪ್ರಯೋಗಶಾಲೆಗಳು. ಎಣ್ಣೆದೀಪದ ಬೆಳಕಿನಲ್ಲಿ ಹಳದಿ-ಕೆಂಪುಗಳು ಹೆಚ್ಚು, ನೀಲಿ ಬಹಳ ಕಡಿಮೆ. ಹಳದಿ ಛಾಯೆಯ ವಜ್ರ ಹಳದಿಯಾಗಿ ಕಾಣುವುದು ಅದು ನೀಲಿಯನ್ನು ನುಂಗುವುದರಿಂದ. ನುಂಗಲು ನೀಲಿಯೇ ಇಲ್ಲದ ಬೆಳಕಿನಲ್ಲಿ ಅದಕ್ಕೂ ಶುಭ್ರವಾದ ಕಲ್ಲಿಗೂ ಭೇದ ಅಳಿಸಿಹೋಗುತ್ತದೆ. ಬಿರುಕು, ಚುಕ್ಕೆಗಳನ್ನು ಕಾಣಲು ದೀಪ ಒಳ್ಳೆಯದು. ನಸುಹಳದಿಯನ್ನು ಮರೆಸಲೂ ಅಷ್ಟೇ ಒಳ್ಳೆಯದು. ರಾತ್ರಿಯ ವ್ಯಾಪಾರದಲ್ಲಿ ಮಾರುವವನ ಜಾಣ್ಮೆಗೂ ಸ್ವಲ್ಪ ಪಾಲಿತ್ತೆಂದು ಸಂದೇಹಪಡುವ ಹಕ್ಕು ನಮಗಿದೆ. ಮರದ ನೆರಳಿನ ಪರೀಕ್ಷೆಗೆ ಕಾರಣ ಇನ್ನೂ ಸೂಕ್ಷ್ಮವಾದದ್ದು. ಅದಕ್ಕೆ ಮುಂದೆ ಬರುತ್ತೇನೆ.

ಅದೇ ಟ್ಯಾವರ್ನಿಯರ್ ಕೃಷ್ಣಾ ತೀರದ ಕೊಲ್ಲೂರಿನ ಗಣಿಯ ಬಗ್ಗೆ ಬರೆಯುವಾಗ ಬಣ್ಣದ ಕಾರಣವನ್ನೂ ಹೇಳುತ್ತಾನೆ. ಕಲ್ಲುಗಳು ತಾವು ದೊರೆತ ಮಣ್ಣಿನ ಗುಣವನ್ನು ಹೊಂದುತ್ತವೆ. ಮಣ್ಣು ಜೌಗಾಗಿದ್ದರೆ ಕಲ್ಲು ಕಪ್ಪಿಗೆ ಒಲಿಯುತ್ತದೆ, ಕೆಂಪಾಗಿದ್ದರೆ ಕೆಂಪಿಗೆ, ಮತ್ತೆ ಕೆಲವು ಹಸಿರಿಗೆ, ಹಳದಿಗೆ. ವರಾಹಮಿಹಿರನು ಬಣ್ಣವನ್ನು ದೇಶಕ್ಕೆ ಹೊಂದಿಸಿದಾಗಲೂ ಅವನ ಹಿಂದೆ ಇದೇ ಭಾವನೆ ಇದ್ದೀತು. ನೆಲದಂತೆ ಫಲ ಎಂಬ ರೈತನ ತಿಳಿವಳಿಕೆಯನ್ನು ಕಲ್ಲಿಗೆ ಅನ್ವಯಿಸಿದ್ದು ಅದು.

ಆ ಮಾತು ನಿಜವಾಗಿದ್ದರೆ ನಮ್ಮ ಸೀಮೆಯ ವಜ್ರಗಳೆಲ್ಲ ಕೆಂಪಗಿರಬೇಕಿತ್ತು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಮರದ ಎಲೆ, ಮನೆಯ ಮಾಡು, ಲಾರಿಯ ಗಾಜು ಎಲ್ಲದರ ಮೇಲೂ ಕುಳಿತಿರುವ ಕೆಂಪು ಧೂಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಮಾರಸ್ವಾಮಿ ಬೆಟ್ಟದ ಸಾಲುಗಳು ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿನ ಭಂಡಾರ. ಈ ಎರಡು ಲೋಹಗಳು ರತ್ನಲೋಕದ ಪ್ರಸಿದ್ಧ ಬಣ್ಣಗಾರರೂ ಹೌದು: ಟೈಟೇನಿಯಂ ಜೊತೆ ಸೇರಿದ ಕಬ್ಬಿಣ ಇಂದ್ರನೀಲಕ್ಕೆ ನೀಲಿಯನ್ನು ಕೊಡುತ್ತದೆ, ಮ್ಯಾಂಗನೀಸ್ ಹಲವು ಕಲ್ಲುಗಳಿಗೆ ಗುಲಾಬಿಯನ್ನು ಕೊಡುತ್ತದೆ. ವಜ್ರದ ಬಾಗಿಲು ಮಾತ್ರ ಇವುಗಳಿಗೆ ಮುಚ್ಚಿದೆ. ವಜ್ರವೆಂದರೆ ಇಂಗಾಲದ ಪರಮಾಣುಗಳು ಅತ್ಯಂತ ಇಕ್ಕಟ್ಟಾಗಿ ಹೆಣೆದುಕೊಂಡ ಜಾಲ. ಕಬ್ಬಿಣದ ದೊಡ್ಡ ಪರಮಾಣುವಿಗೆ ಅಲ್ಲಿ ಇಂಗಾಲದ ಸ್ಥಾನವನ್ನು ಹಿಡಿಯಲು ಎಡೆಯಿಲ್ಲ. ಕೆಂಪು ಮಣ್ಣು ವಜ್ರದ ಹೊರಮೈಗೆ, ಬಿರುಕುಗಳಿಗೆ ಅಂಟಿ ಕಲೆಮಾಡಬಲ್ಲದು. ಆಮ್ಲದಲ್ಲಿ ಕುದಿಸಿದರೆ ಆ ಕಲೆ ಹೋಗುತ್ತದೆ. ಅದು ಧೂಳು, ವರ್ಣವಲ್ಲ.

ಹಾಗಾದರೆ ವರ್ಣ ಎಲ್ಲಿಂದ ಬಂತು? ಶುದ್ಧವೂ ಕ್ರಮಬದ್ಧವೂ ಆದ ಇಂಗಾಲದ ಜಾಲ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಯಾವುದನ್ನೂ ತಡೆಯುವುದಿಲ್ಲ. ಆದ್ದರಿಂದ ಅಂಥ ಕಲ್ಲು ನಿರ್ವರ್ಣ. ಇಂಗಾಲದ ನೆರೆಯ ಧಾತುಗಳಾದ ಸಾರಜನಕ ಮತ್ತು ಬೋರಾನ್ ಮಾತ್ರ ಆ ಜಾಲದೊಳಗೆ ಸುಲಭವಾಗಿ ನುಸುಳಬಲ್ಲವು. ಸಾರಜನಕದ ಪರಮಾಣುಗಳು ಮೂರು ಮೂರಾಗಿ ಒಂದು ಖಾಲಿ ಸ್ಥಾನವನ್ನು ಸುತ್ತುವರಿದಾಗ ನೇರಳೆ-ನೀಲಿಯ ಕಡೆಯ ಬೆಳಕು ತಡೆಯಲ್ಪಟ್ಟು ಕಲ್ಲಿಗೆ ನಸುಹಳದಿ ಬರುತ್ತದೆ. ಒಂಟಿಯಾಗಿ ಹರಡಿಕೊಂಡಾಗ ಅರಿಸಿನದ ಗಾಢವರ್ಣ. ಹತ್ತು ಲಕ್ಷ ಇಂಗಾಲದ ಪರಮಾಣುಗಳಿಗೆ ಒಂದಕ್ಕಿಂತ ಕಡಿಮೆ ಬೋರಾನ್ ಇದ್ದರೂ ಕಲ್ಲು ನೀಲಿಯಾಗುತ್ತದೆ. ಕಂದು, ಗುಲಾಬಿ ಮತ್ತು ಎಲ್ಲಕ್ಕಿಂತ ಅಪೂರ್ವವಾದ ಕೆಂಪಿಗೆ ಸಾಮಾನ್ಯವಾಗಿ ಯಾವ ಅನ್ಯಧಾತುವೂ ಬೇಕಿಲ್ಲ. ಭೂಗರ್ಭದ ಒತ್ತಡದಲ್ಲಿ ಜಾಲವೇ ಜಾರಿ ತಿರುಚಿಕೊಂಡದ್ದರ ಫಲ ಅದು. ದಾಸವಾಳದ ಕೆಂಪನ್ನು ಅರಸರಿಗೆ ಮೀಸಲಿಟ್ಟ ಬುದ್ಧಭಟ್ಟನಿಗೆ ಅದರ ವಿರಳತೆಯಂತೂ ಗೊತ್ತಿತ್ತು. ಹಳದಿಯನ್ನೂ ಅದೇ ಸಾಲಿಗೆ ಸೇರಿಸಿದ್ದನ್ನು ಮಾತ್ರ ವಿರಳತೆಯಿಂದ ಸಮರ್ಥಿಸಲಾಗದು. ಅಲ್ಲಿ ಚಿನ್ನದ ಮೋಹ ಮಾತಾಡುತ್ತಿದೆಯೆಂದು ನನ್ನ ಭಾವನೆ.

ಇವೆಲ್ಲ ನಡೆದದ್ದು ನೆಲದ ಮೇಲಿನ ಮಣ್ಣಿನಲ್ಲಲ್ಲ. ವಜ್ರಗಳು ಸಾಮಾನ್ಯವಾಗಿ ಹುಟ್ಟುವುದು 150 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ವಜ್ರಕರೂರಿನ ಕಿಂಬರ್ಲೈಟ್ ಶಿಲೆಗಳು ಅವುಗಳನ್ನು ಮೇಲಕ್ಕೆ ತಂದು ಸುಮಾರು 110 ಕೋಟಿ ವರ್ಷಗಳಾಗಿವೆ. ಅಷ್ಟಾದರೂ ಟ್ಯಾವರ್ನಿಯರನ ಮಣ್ಣಿನ ಸಿದ್ಧಾಂತ ಒಂದು ಬಣ್ಣದ ಮಟ್ಟಿಗೆ ಗೆದ್ದಿದೆ, ಹಸಿರಿನ ಮಟ್ಟಿಗೆ. ಸುತ್ತಲಿನ ಖನಿಜಗಳಲ್ಲಿ ಅಥವಾ ನೀರಿನಲ್ಲಿ ಯುರೇನಿಯಂನಂಥ ವಿಕಿರಣಶೀಲ ಧಾತುವಿದ್ದರೆ ಅದರ ವಿಕಿರಣ ಇಂಗಾಲದ ಪರಮಾಣುಗಳನ್ನು ಸ್ಥಾನದಿಂದ ಹೊರದಬ್ಬಿ ಕಲ್ಲಿನ ಮೈಗೆ ಹಸಿರನ್ನು ಬಳಿಯುತ್ತದೆ. ಅದು ಮಾತ್ರ ನಿಜವಾಗಿ ನೆರೆಹೊರೆಯಿಂದ ಬಂದ ಬಣ್ಣ.

ಸ್ಫಟಿಕದ ಬಳಿ ದಾಸವಾಳವನ್ನಿಟ್ಟರೆ ಸ್ಫಟಿಕ ಕೆಂಪಾಗಿ ತೋರುವುದೆಂಬ ದೃಷ್ಟಾಂತ ನಮ್ಮ ದರ್ಶನಗಳಲ್ಲಿ ಬಹಳ ಹಳೆಯದು. ಕುಂದಕುಂದಾಚಾರ್ಯರ ಸಮಯಸಾರದಲ್ಲಿಯೂ ಸ್ಫಟಿಕ ತಾನಾಗಿ ಕೆಂಪಾಗದೆ ಅನ್ಯದ್ರವ್ಯದಿಂದ ಕೆಂಪೆನಿಸುವ ಮಾತು ಬರುತ್ತದೆ, ಅದ್ವೈತಿಗಳೂ ಅದನ್ನು ಬಳಸಿದರು. ವಜ್ರವನ್ನು ಮಾತ್ರ ಆ ದೃಷ್ಟಾಂತಕ್ಕೆ ತರುವುದು ಸುಲಭವಲ್ಲ. ಅದರ ಹಳದಿಯಿಂದ ಸಾರಜನಕವನ್ನು ಹೂವಿನಂತೆ ಎತ್ತಿ ಆಚೆಗಿಡಲು ಬರುವುದಿಲ್ಲ. ಕೆಂಪಿನಲ್ಲಂತೂ ಎತ್ತಿಡಲು ಅನ್ಯವಸ್ತುವೇ ಇಲ್ಲ.

ಬಣ್ಣದ ಈ ಕಾರಣಗಳ ಶೋಧದಲ್ಲಿ ಬೆಂಗಳೂರಿಗೂ ಒಂದು ಅಧ್ಯಾಯವಿದೆ. 1934ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್‌ಸನ್ ಮತ್ತು ಸಂಗಡಿಗರು ವಜ್ರಗಳಲ್ಲಿ ಎರಡು ಮುಖ್ಯ ವರ್ಗಗಳಿವೆಯೆಂದು ತೋರಿಸಿದ ಮೇಲೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ವಿ. ರಾಮನ್ ಅವರು ಆ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಅವರ ಗುಂಪಿನ ಸಂಶೋಧನೆಗಳು 1944ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಒಟ್ಟಾಗಿ ಬಂದವು. ವಜ್ರಭೇದಗಳಿಗೆ ಅಶುದ್ಧಿ ಕಾರಣವಲ್ಲ, ಹರಳಿನ ಆಂತರಿಕ ರಚನೆಯೇ ಕಾರಣವೆಂಬುದು ರಾಮನ್ ಅವರ ನಿಲುವು. 1959ರಲ್ಲಿ ಕೈಸರ್ ಮತ್ತು ಬಾಂಡ್ ಎಂಬ ವಿಜ್ಞಾನಿಗಳು ವಜ್ರದಲ್ಲಿ ಸಾರಜನಕವನ್ನು ಕಂಡುಹಿಡಿದಾಗ ಆ ನಿಲುವು ಉಳಿಯಲಿಲ್ಲ. ಉಳಿದದ್ದು ಪ್ರಯೋಗಗಳ ದಾಖಲೆ. ಅದರಲ್ಲಿ ದೊಡ್ಡ ಪಾಲು 1940ರಲ್ಲಿ ಅಲ್ಲಿಗೆ ಬಂದ ಅಣ್ಣಾ ಮಣಿ ಅವರದು. ಮೂವತ್ತಕ್ಕೂ ಹೆಚ್ಚು ವಜ್ರಗಳ ಮೇಲೆ ಬೆಳಕು ಹಾಯಿಸಿ, ಅವು ತಾವಾಗಿ ಹೊರಸೂಸುವ ಮಂದಪ್ರಭೆಯ ವರ್ಣಪಟಲವನ್ನು ಹದಿನೈದು-ಇಪ್ಪತ್ತು ಗಂಟೆಗಳ ಕಾಲ ಛಾಯಾಫಲಕಕ್ಕೆ ಒಡ್ಡಿ ದಾಖಲಿಸಿದರು. 1945ರಲ್ಲಿ ಅವರು ಸಲ್ಲಿಸಿದ ಪ್ರಬಂಧಕ್ಕೆ, ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣಕ್ಕೆ, ಡಾಕ್ಟರೇಟ್ ದೊರೆಯಲಿಲ್ಲ. ಮುಂದೆ ಅವರು ಹವಾಮಾನ ವಿಜ್ಞಾನಿಯಾಗಿ ಹೆಸರಾದರು. ವಜ್ರದ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಮರದ ನೆರಳಿನ ಪರೀಕ್ಷೆಗೆ ಈಗ ಹಿಂದಿರುಗಬಹುದು. ವಜ್ರಗಳಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ನೇರಳಾತೀತ ಕಿರಣಗಳಿಗೆ ಪ್ರತಿಯಾಗಿ ತಾವೇ ಬೆಳಗುತ್ತವೆ. ಆ ಬೆಳಕು ಹೆಚ್ಚಾಗಿ ನೀಲಿ. ಎಣ್ಣೆದೀಪದಲ್ಲಿ ಅಂಥ ಕಿರಣಗಳು ಇಲ್ಲದಂತೆಯೇ ಸರಿ, ಹಗಲಿನಲ್ಲಿ ಧಾರಾಳ. ರಾವೋಲ್ಕೊಂಡದ ವರ್ತಕನು ರಾತ್ರಿ ದೀಪದಲ್ಲಿ ಕಾಣದ 'ಆಕಾಶದ ನೀರನ್ನು' ಹಗಲಿನ ನೆರಳಿನಲ್ಲಿ, ಕಣ್ಣು ಕುಕ್ಕುವ ನೇರ ಬಿಸಿಲಿಲ್ಲದ ಕಡೆ ಹುಡುಕಿದ್ದರ ಹಿಂದೆ ಈ ಸ್ವಯಂಪ್ರಭೆಯ ಅನುಭವವೂ ಸೇರಿತ್ತೆಂದು ನಾನು ಊಹಿಸುತ್ತೇನೆ. ಬೋರಾನಿನ ನೀಲಿ ಅಷ್ಟು ಅಪೂರ್ವವಾದದ್ದು. ಪೇಟೆಯಲ್ಲಿ ದಿನಬೆಳಗಾದರೆ ಎಚ್ಚರಿಕೆ ವಹಿಸಬೇಕಾದಷ್ಟು ಸಾಮಾನ್ಯವಾದ ನೀಲಿ ಛಾಯೆ ಬೇರೆಯದೇ ಇರಬೇಕು.

ಬಣ್ಣದ ವಿಚಾರದಲ್ಲಿ ಪೇಟೆಯ ನ್ಯಾಯ ವಿಚಿತ್ರವಾದದ್ದು. ನಸುನೀಲಿಯನ್ನು ಅತ್ಯಂತ ಕೆಟ್ಟ ನೀರೆಂದು ಬರೆದ ಟ್ಯಾವರ್ನಿಯರನೇ ಗಾಢನೀಲಿಯ ದೊಡ್ಡ ಕಲ್ಲೊಂದನ್ನು ಇಲ್ಲಿಂದ ಒಯ್ದು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಗೆ ಮಾರಿದನು. ಇಂದಿನ ವರ್ಗೀಕರಣವೂ ಹೀಗೆಯೇ ನಡೆಯುತ್ತದೆ: ನಿರ್ವರ್ಣದಿಂದ ನಸುಹಳದಿಯ ಕಡೆಗೆ ಇಳಿದಂತೆ ಬೆಲೆ ಇಳಿಯುತ್ತದೆ, ಹಳದಿ ಗಾಢವಾದ ಹಂತದಲ್ಲಿ ಮತ್ತೆ ಏರತೊಡಗುತ್ತದೆ. ಅರೆಮನಸ್ಸಿನ ಬಣ್ಣ ದೋಷ, ತುಂಬಿದ ಬಣ್ಣ ಗುಣ.

ತುಂಬಿದ ಬಣ್ಣಕ್ಕೆ ಇನ್ನೊಂದು ಪ್ರಯೋಜನವಿದೆ. ಅದು ಕಲ್ಲಿನ ಇತಿಹಾಸವನ್ನು ಕಾಯುತ್ತದೆ. ಆ ನೀಲಿ ವಜ್ರವನ್ನು 1673ರಲ್ಲಿ ಮರುಕೆತ್ತಿದರು. 1792ರ ಕ್ರಾಂತಿಯ ಗದ್ದಲದಲ್ಲಿ ಅದು ಕಳುವಾಯಿತು. 1812ರಲ್ಲಿ ಲಂಡನ್ನಿನಲ್ಲಿ ಇನ್ನೂ ಸಣ್ಣದಾಗಿ ಕಾಣಿಸಿಕೊಂಡಿತು. ಹೋಪ್ ಎಂಬ ಹೆಸರಿನಿಂದ 1958ರಿಂದ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿರುವ 45.52 ಕ್ಯಾರೆಟಿನ ಕಲ್ಲು ಅದೇ ಎಂದು ಹೇಳಲು ಸಾಧ್ಯವಾದದ್ದು ಅಂಥ ನೀಲಿ ಇನ್ನೊಂದಿಲ್ಲದ್ದರಿಂದ. 1642ರಲ್ಲಿ ಗೋಲ್ಕೊಂಡದಲ್ಲಿ ಟ್ಯಾವರ್ನಿಯರ್ ಕಂಡ ಗುಲಾಬಿ ಛಾಯೆಯ ಚಪ್ಪಟೆ ಕಲ್ಲನ್ನು ಟೆಹ್ರಾನಿನ ದರಿಯಾ-ಇ-ನೂರ್ ಮತ್ತು ನೂರ್-ಉಲ್-ಐನ್‌ಗಳಲ್ಲಿ ಕೆನಡಾದ ತಜ್ಞರು 1960ರ ದಶಕದಲ್ಲಿ ಗುರುತಿಸಿದ್ದಕ್ಕೂ ಬಣ್ಣ ನೆರವಾಯಿತು. ಕೆತ್ತಿದಂತೆ ತೂಕ ಕರಗುತ್ತದೆ, ಆಕಾರ ಬದಲಾಗುತ್ತದೆ, ವರ್ಣ ಉಳಿಯುತ್ತದೆ.

ಇನ್ನು ವಿಜಯನಗರದ ಅರಸರ ಭಂಡಾರಕ್ಕೆ ಬಂದ ಕಲ್ಲುಗಳು. ಇಪ್ಪತ್ತು ಮಂಗೆಲಿನ್ ಮೀರಿದ ವಜ್ರಗಳೆಲ್ಲ ವರ್ಷ ವರ್ಷವೂ ಅಲ್ಲಿ ಸೇರಿದವು. ಬಿಸ್ನಗದಲ್ಲಿ ಸಣ್ಣ ಕೋಳಿಮೊಟ್ಟೆಯಷ್ಟು ದೊಡ್ಡ ವಜ್ರವೊಂದಿತ್ತೆಂದು ಓರ್ಟಾ ಕೇಳಿ ಬರೆದನು. ತಾನು ಸ್ವತಃ ಕಂಡದ್ದರಲ್ಲಿ 140 ಮಂಗೆಲಿನ್ ತೂಗುವುದೊಂದಿತ್ತೆಂದನು. 1565ರ ಯುದ್ಧದ ನಂತರ ಕೊಳ್ಳೆಯ ಪಾಲಾಗಿ ಆದಿಲ್‌ಷಾಹನ ಕೈಸೇರಿದ ವಜ್ರವೂ ಮೊಟ್ಟೆಯಷ್ಟು ದೊಡ್ಡದಾಗಿತ್ತೆಂದು, ರಾಮರಾಯನ ಕಡೆಯ ಅರಸುಗುದುರೆಯ ತಲೆಯ ತುರಾಯಿಗೆ ಅದನ್ನು ಕೂರಿಸಿದ್ದರೆಂದು ಪೋರ್ಚುಗೀಸ್ ಇತಿಹಾಸಕಾರ ಡಿಯೋಗೊ ಡು ಕೌಟೊ ಹೇಳುತ್ತಾನೆ. ಮೊಟ್ಟೆಯಷ್ಟು, ಇಷ್ಟು ಮಂಗೆಲಿನ್, ಕುದುರೆಯ ತಲೆಯ ಮೇಲೆ. ಹಂಪಿಯ ಬೀದಿಯ ಯಾವುದೇ ರತ್ನಪಡಿ ವ್ಯಾಪಾರಿ ಆ ಕಲ್ಲನ್ನು ಕೈಗೆ ತೆಗೆದುಕೊಂಡಿದ್ದರೆ ಮೊದಲು ಮರದ ನೆರಳಿಗೆ ನಡೆಯುತ್ತಿದ್ದನು.